ಎಚ್ಚರಿಕೆ ಹೈದರಾಬಾದಿನಿಂದ ಹೊರಡುತ್ತದೆ, ಊರಿನ ಮೈಕ್ ಯಾರ ಕೈಯಲ್ಲಿದೆ?

ಕುಂದಾಪುರದ ಕಡಲಿನಲ್ಲಿ ನಾಳೆ ಅಲೆ ಎಷ್ಟು ಎತ್ತರ ಏಳಬಹುದು ಎಂಬ ಲೆಕ್ಕ ನಡೆಯುವುದು ಸಮುದ್ರವೇ ಇಲ್ಲದ ಹೈದರಾಬಾದಿನಲ್ಲಿ. ಇಲ್ಲಿನ ಪ್ರಗತಿನಗರದಲ್ಲಿ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವಿದೆ. ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಎಲ್ಲರೂ ಅದನ್ನು ‘ಇನ್‌ಕಾಯ್ಸ್’ ಎನ್ನುತ್ತಾರೆ. 1999ರಲ್ಲಿ ಶುರುವಾದ ಈ ಸಂಸ್ಥೆ ಕೇಂದ್ರದ ಭೂವಿಜ್ಞಾನ ಸಚಿವಾಲಯದ ಅಡಿ ಕೆಲಸ ಮಾಡುತ್ತದೆ. ಮೀನು ಎಲ್ಲಿ ಸಿಗಬಹುದು, ಅಲೆ ಎಷ್ಟಿರುತ್ತದೆ, ಸುನಾಮಿ ಬರುತ್ತದೆಯೇ ಎಂಬ ಮಾಹಿತಿ ದೇಶದ ಕರಾವಳಿಗೆಲ್ಲ ಹೋಗುವುದು ಇಲ್ಲಿಂದಲೇ.

ನಾನು ಹನ್ನೆರಡು ವರ್ಷಗಳಿಂದ ಕೂಕಟ್‌ಪಲ್ಲಿಯಲ್ಲಿದ್ದೇನೆ. ಪ್ರಗತಿನಗರ ಪಕ್ಕದಲ್ಲೇ. ನನ್ನ ಕೆಲಸವೂ ಒಂದು ರೀತಿಯಲ್ಲಿ ಎಚ್ಚರಿಕೆ ಕಳಿಸುವುದೇ. ಕಂಪನಿಯ ಸರ್ವರ್ ಕೆಟ್ಟರೆ ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕು ಎಂದು ನೋಡಿಕೊಳ್ಳುವ ಸಾಫ್ಟ್‌ವೇರ್ ತಂಡದಲ್ಲಿದ್ದೇನೆ. ಈ ಕೆಲಸದಲ್ಲಿ ಒಂದು ನಿಯಮವಿದೆ. ಅಲರ್ಟ್ ಹೋಯಿತು ಎಂದಾಕ್ಷಣ ಕೆಲಸ ಮುಗಿಯುವುದಿಲ್ಲ. ಆ ರಾತ್ರಿ ಪಾಳಿಯಲ್ಲಿರುವ ಒಬ್ಬರು ‘ನೋಡಿದೆ’ ಎಂದು ಒತ್ತಬೇಕು. ಐದು ನಿಮಿಷದಲ್ಲಿ ಒತ್ತದಿದ್ದರೆ ಮುಂದಿನವರ ಫೋನ್ ಬಡಿದುಕೊಳ್ಳುತ್ತದೆ. ಯಾರೂ ಎತ್ತದ ಅಲರ್ಟ್ ಕಳಿಸಿಯೂ ಕಳಿಸದ ಹಾಗೆ.

ಊರಿನಲ್ಲಿ ದೊಡ್ಡಪ್ಪನ ಮಗನಿಗೆ ನಾಡದೋಣಿ ಇದೆ. ಕಡಲಿನ ಮುನ್ಸೂಚನೆ ಬರುತ್ತದೆಯೇ ಎಂದು ಒಮ್ಮೆ ಕೇಳಿದೆ. “ಮೆಸೇಜ್ ಬತ್ತ್ ಮಾರಾಯ, ಆರೆ ದೋಣಿ ದೂಡು ಹೊತ್ತಿಗೆ ಮೊಬೈಲ್ ಕಾಂಬುಕೆ ಯಾರಿಗೆ ಪುರ್ಸೊತ್ತಿತ್ತ್?” ಎಂದ. ಪ್ರಗತಿನಗರದ ಲೆಕ್ಕ ಅವನ ಜೇಬಿನವರೆಗೂ ಬಂದಿತ್ತು. ಅಲ್ಲಿಂದ ಕಿವಿಗೆ ಏರಿರಲಿಲ್ಲ.

ಸಿಂಗಪುರದಿಂದ ಬಂದ ಒಂದು ಫೋನ್

ಈ ಕೊನೆಯ ಗೇಣಿನ ಅಂತರ ಎಷ್ಟು ಮುಖ್ಯ ಎನ್ನುವುದಕ್ಕೆ ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಹಳ್ಳಿಯ ಉದಾಹರಣೆ ಇದೆ. ಊರು ಬಿಟ್ಟು ದುಡಿಯುವ ನಮ್ಮಂಥವರಿಗೆ ಅದರಲ್ಲಿ ವಿಶೇಷ ಪಾಠವೂ ಇದೆ.

2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ ಆರೂವರೆ ಹೊತ್ತಿಗೆ ಸುಮಾತ್ರಾ ಬಳಿ ಸಮುದ್ರದಡಿ ಭೂಕಂಪವಾಯಿತು. ಅಲೆ ತಮಿಳುನಾಡು, ಪುದುಚೇರಿ ತೀರ ಮುಟ್ಟಲು ಎರಡು ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ಓಡಿ ಪಾರಾಗಲು ಅಷ್ಟು ಸಮಯ ಧಾರಾಳ ಸಾಕಿತ್ತು. ಆದರೆ ಹೇಳುವವರು ಯಾರೂ ಇರಲಿಲ್ಲ. ಭಾರತದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ನಲ್ಲವಾಡಿನ ಒಬ್ಬ ಯುವಕ ಆಗ ಸಿಂಗಪುರದಲ್ಲಿ ಕೆಲಸಕ್ಕಿದ್ದರು. ಟಿವಿಯಲ್ಲಿ ಸುದ್ದಿ ನೋಡಿ ಮನೆಗೆ ಫೋನ್ ಮಾಡಿದರು. ನೀರು ಒಳಗೆ ಬರುತ್ತಿದೆ ಎಂದು ಮನೆಯವರು ಹೇಳಿದಾಗ, ಎಲ್ಲರಿಗೂ ತಿಳಿಸಿ ಓಡಿ ಎಂದರು. ಆ ಹಳ್ಳಿಯಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಊರವರ ಜತೆ ಸೇರಿ ನಡೆಸುತ್ತಿದ್ದ ಮಾಹಿತಿ ಕೇಂದ್ರವಿತ್ತು. ಅಲ್ಲಿ ಧ್ವನಿವರ್ಧಕ ಇತ್ತು. ಜನ ಬಾಗಿಲು ಮುರಿದು ಒಳಹೊಕ್ಕು ಮೈಕಿನಲ್ಲಿ ಕೂಗಿದರು. ಮನೆಗಳು, ದೋಣಿಗಳು ಹೋದವು. ಸುಮಾರು 3,600 ಜನರ ಜೀವ ಉಳಿಯಿತು.

ಪತ್ರಿಕೆಗಳು ಆಗ ಈ ಘಟನೆಯನ್ನು ಒಂದು ಫೋನ್ ಕರೆಯ ಪವಾಡದಂತೆ ಬರೆದವು. ಆದರೆ ಪರವೂರಿನಲ್ಲಿ ಇದ್ದವರು ಆ ದಿನ ಎಷ್ಟೋ ಮಂದಿ ಎಷ್ಟೋ ಊರುಗಳಿಗೆ ಫೋನ್ ಮಾಡಿರುತ್ತಾರೆ. ನಲ್ಲವಾಡಿನಲ್ಲಿ ಆ ಕರೆ ಒಂದು ಮನೆಯಲ್ಲೇ ನಿಂತುಹೋಗಲಿಲ್ಲ, ಮೈಕಿಗೆ ಏರಿತು. ಆ ಮೈಕ್ ಸುನಾಮಿಗೆಂದು ತಂದದ್ದೂ ಅಲ್ಲ. 1998ರಲ್ಲಿ ಪುದುಚೇರಿಯ ಹಳ್ಳಿಗಳಲ್ಲಿ ಆರಂಭವಾದ ಈ ಕೇಂದ್ರಗಳ ಕೆಲಸ ದಿನನಿತ್ಯದ್ದು. ವೀರಾಂಪಟ್ಟಿನಂ ಎಂಬ ಇನ್ನೊಂದು ಹಳ್ಳಿಯಲ್ಲಿ ಅಮೆರಿಕದ ನೌಕಾಪಡೆಯ ವೆಬ್‌ಸೈಟಿನಿಂದ ಅಲೆಯ ಎತ್ತರದ ಮಾಹಿತಿ ಇಳಿಸಿಕೊಂಡು, ತಮಿಳಿನಲ್ಲಿ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ದಿನವೂ ನಿಜ ಹೇಳಿದ ಮೈಕ್ ಅದು. ಹಾಗಾಗಿ ‘ಓಡಿ’ ಎಂದಾಗ ಜನ ಅನುಮಾನಿಸುತ್ತ ನಿಲ್ಲಲಿಲ್ಲ.

ಯಂತ್ರ ಬಂತು, ದೋಣಿಗೆ ಮುಟ್ಟಿತೇ?

ಆಮೇಲೆ ದೇಶ ಸುಮ್ಮನೆ ಕೂರಲಿಲ್ಲ. 2007ರಲ್ಲಿ ಇನ್‌ಕಾಯ್ಸ್‌ನಲ್ಲೇ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ದೊಡ್ಡ ಭೂಕಂಪವಾದ ಹತ್ತು ನಿಮಿಷದೊಳಗೆ ಮೊದಲ ಪ್ರಕಟಣೆ ಹೊರಡುವ ವ್ಯವಸ್ಥೆ ಈಗಿದೆ. ಹಿಂದೂ ಮಹಾಸಾಗರದ ದೇಶಗಳಿಗೆ ಸುನಾಮಿ ಮಾಹಿತಿ ಕೊಡುವ ಮೂರು ಕೇಂದ್ರಗಳಲ್ಲಿ ಇದೂ ಒಂದು. ಉಳಿದೆರಡು ಆಸ್ಟ್ರೇಲಿಯಾ ಮತ್ತು ಇಂಡೋನೇಷ್ಯಾದವು.

ಆದರೂ 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ಕನ್ಯಾಕುಮಾರಿಯ ದೋಣಿಗಳು ಅದಾಗಲೇ ಆಳಸಮುದ್ರದಲ್ಲಿದ್ದವು. ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸಿಗ್ನಲ್ ಇಲ್ಲ. ಎಚ್ಚರಿಕೆ ಹೊರಟಿತು, ದೋಣಿಗೆ ತಲುಪಲಿಲ್ಲ. ಅನೇಕ ಮೀನುಗಾರರು ಮರಳಲಿಲ್ಲ. ಆ ಪಾಠದಿಂದ 2019ರಲ್ಲಿ ‘ಜೆಮಿನಿ’ ಎಂಬ ಸಣ್ಣ ಸಾಧನ ಬಂತು. ಉಪಗ್ರಹದಿಂದ ಸಂದೇಶ ಹಿಡಿದು ಮೀನುಗಾರನ ಮೊಬೈಲಿಗೆ ಬ್ಲೂಟೂತ್ ಮೂಲಕ ಕೊಡುತ್ತದೆ. ಅದರಲ್ಲಿ ಸಂದೇಶ ಬರಬಹುದು, ತಿರುಗಿ ಕಳಿಸಲಾಗದು. ಈಗ ಎರಡೂ ಕಡೆ ಸಂದೇಶ ಸಾಗುವ ಟ್ರಾನ್ಸ್‌ಪಾಂಡರ್‌ಗಳನ್ನು ದೋಣಿಗಳಿಗೆ ಹಾಕುವ ಕೆಲಸ ನಡೆದಿದೆ.

ಇವೆಲ್ಲ ಬೇಕಾದ ಆವಿಷ್ಕಾರಗಳೇ. ಆದರೆ ಒಡಿಶಾದ ಅನುಭವ ನೋಡಿದರೆ ಯಂತ್ರದ ಜತೆಗೆ ಇನ್ನೇನು ಬೇಕೆಂದು ತಿಳಿಯುತ್ತದೆ.

1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ನಲ್ಲಿ ಒಡಿಶಾದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. 2013ರ ಅಕ್ಟೋಬರ್ 12ರಂದು ಫೈಲಿನ್ ಅಪ್ಪಳಿಸಿದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸತ್ತವರು ಐವತ್ತರೊಳಗೆ. ಈ ಹದಿನಾಲ್ಕು ವರ್ಷಗಳಲ್ಲಿ ಹವಾಮಾನ ಮುನ್ಸೂಚನೆ ಸುಧಾರಿಸಿದ್ದು ನಿಜ. ಅದರ ಜತೆಗೆ ವಿಪತ್ತು ನಿರ್ವಹಣೆಗೆಂದೇ ರಾಜ್ಯದಲ್ಲಿ ಪ್ರತ್ಯೇಕ ಪ್ರಾಧಿಕಾರ ಬಂತು. ಕಡಲ ಹಳ್ಳಿಗಳಲ್ಲಿ ಆಶ್ರಯ ಕಟ್ಟಡಗಳು ಎದ್ದವು. ಆ ಕಟ್ಟಡಗಳಲ್ಲಿ ಎಷ್ಟೋ ಕಡೆ ಉಳಿದ ದಿನ ಶಾಲೆ ನಡೆಯುತ್ತದೆ. ಪ್ರತಿ ಕಟ್ಟಡಕ್ಕೂ ಊರವರದೇ ನಿರ್ವಹಣಾ ಸಮಿತಿ, ತರಬೇತಾದ ಯುವಕ ಯುವತಿಯರ ತಂಡ. ಆಮೇಲೆ ಆರು ಕರಾವಳಿ ಜಿಲ್ಲೆಗಳಲ್ಲಿ 122 ಸೈರನ್ ಗೋಪುರಗಳೂ ಬಂದವು.

2020ರಲ್ಲಿ ಗಂಜಾಂ ಜಿಲ್ಲೆಯ ವೆಂಕಟರಾಯಪುರ ಮತ್ತು ಜಗತ್‌ಸಿಂಗ್‌ಪುರ ಜಿಲ್ಲೆಯ ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳಿಗೆ ಯುನೆಸ್ಕೋದ ಸಾಗರ ಆಯೋಗ ‘ಸುನಾಮಿ ರೆಡಿ’ ಮಾನ್ಯತೆ ಕೊಟ್ಟಿತು. 2024ರಲ್ಲಿ ಒಡಿಶಾದ ಇನ್ನೂ 24 ಹಳ್ಳಿಗಳು ಆ ಪಟ್ಟಿ ಸೇರಿದವು. ಮಾನ್ಯತೆಗೆ 12 ಅಂಶಗಳನ್ನು ಪರಿಶೀಲಿಸುತ್ತಾರೆ. ನೀರು ಎಲ್ಲಿಯವರೆಗೆ ನುಗ್ಗಬಹುದು ಎಂಬ ನಕ್ಷೆ, ಓಡುವ ದಾರಿಯ ಫಲಕ, ದಿನದ 24 ಗಂಟೆಯೂ ಎಚ್ಚರಿಕೆ ಸ್ವೀಕರಿಸುವ ಏರ್ಪಾಡು, ಅಣಕು ಕಾರ್ಯಾಚರಣೆ ಇಂಥವೆಲ್ಲ ಅದರಲ್ಲಿವೆ. ಪಟ್ಟಿ ಓದುತ್ತಿದ್ದರೆ ನನಗೆ ನಮ್ಮ ಆಫೀಸಿನ ಪಾಳಿ ಚೀಟಿಯೇ ನೆನಪಾಗುತ್ತದೆ. ಯಾರು, ಯಾವಾಗ, ಏನು ಮಾಡಬೇಕು ಎಂದು ಬರೆದಿಟ್ಟುಕೊಳ್ಳುವುದೇ ಅಲ್ಲಿ ಅರ್ಧ ಕೆಲಸ.

ನಮ್ಮ ಕರಾವಳಿಯ ಮಾತು

‘ಅದೆಲ್ಲ ಪೂರ್ವ ಕರಾವಳಿಯ ಕಥೆ, ನಮ್ಮ ಕಡೆ ಅಷ್ಟಿಲ್ಲ’ ಎನ್ನುವವರಿದ್ದಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ತೀರದ ಹತ್ತಿರದಲ್ಲೇ ಹಾದುಹೋದಾಗ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳಲ್ಲಿ ಕಡಲು ದಡಕ್ಕೆ ನುಗ್ಗಿದ್ದನ್ನು ನೋಡಿದ್ದೇವೆ. ಅರಬ್ಬಿ ಸಮುದ್ರಕ್ಕೆ ಸುನಾಮಿಯೂ ಹೊಸತಲ್ಲ. 1945ರ ನವೆಂಬರ್ 28ರಂದು ಮಕ್ರಾನ್ ತೀರದ ಭೂಕಂಪದಿಂದ ಎದ್ದ ಅಲೆ ಮುಂಬೈಯಲ್ಲೂ ಜನರನ್ನು ಎಳೆದೊಯ್ದಿತ್ತು. ಇನ್ನು ಕೇರಳದವರು ‘ಕಳ್ಳಕ್ಕಡಲ್’ ಎಂದು ಕರೆಯುವ ಉಬ್ಬರವಿದೆ. ದಕ್ಷಿಣದ ಮಹಾಸಾಗರದಲ್ಲೆಲ್ಲೋ ಬೀಸಿದ ಬಿರುಗಾಳಿಯ ಅಲೆ ದಿನಗಟ್ಟಲೆ ಸಾಗಿ ಬಂದು, ಇಲ್ಲಿ ಗಾಳಿಯಿಲ್ಲದ ಬಿಸಿಲಿನ ದಿನ ಮನೆಯಂಗಳಕ್ಕೆ ನೀರು ತರುತ್ತದೆ. ಹೆಸರೇ ಹೇಳುವಂತೆ ಕಳ್ಳನ ಹಾಗೆ. ಆಕಾಶ ನೋಡಿ ಅಂದಾಜಿಸುವ ಹಿರಿಯರ ಕಣ್ಣಿಗೂ ಅದು ಸಿಗುವುದಿಲ್ಲ.

ಕೂಡಿ ಕಡಲನ್ನು ನಿಭಾಯಿಸುವ ಬುದ್ಧಿ ನಮ್ಮವರಿಗೆ ಹೊಸದಾಗಿ ಕಲಿಸಬೇಕಿಲ್ಲ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ನೋಡಿ. ಉಪ್ಪು ನೀರು ತಾಳುವ ಕಗ್ಗ ಭತ್ತ ಅಲ್ಲಿ ಬೆಳೆಯುತ್ತದೆ. ಅದಕ್ಕೆ ಕಟ್ಟೆ ಗಟ್ಟಿ ಇರಬೇಕು, ಉಬ್ಬರ ಇಳಿತ ನೋಡಿ ನೀರಿನ ಬಾಗಿಲು ತೆಗೆದು ಹಾಕಬೇಕು. ಒಬ್ಬನ ಗದ್ದೆಯ ಬದಿಯ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಹಾಗಾಗಿ ಕಟ್ಟೆಯ ಕೆಲಸ ರೈತರು ಸೇರಿಯೇ ಮಾಡಿಕೊಂಡು ಬಂದದ್ದು. ಕಗ್ಗದ ತಳಿ ಎಷ್ಟು ದೊಡ್ಡ ಆವಿಷ್ಕಾರವೋ ಆ ಕಟ್ಟೆಯ ಒಪ್ಪಂದವೂ ಅಷ್ಟೇ ದೊಡ್ಡದು. ಆಡಳಿತ ಎಂದರೆ ಇಂಥ ಒಪ್ಪಂದವೇ.

ಹೊರಗಿರುವ ನಾವೇನು ಮಾಡಬಹುದು?

ಊರಿಗಾಗಿ ದೂರದಲ್ಲಿದ್ದು ಕೆಲಸ ಮಾಡುವುದರಲ್ಲಿ ಕರಾವಳಿಯವರು ಹಿಂದೆ ಬಿದ್ದಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬೈಯಲ್ಲಿ ಹುಟ್ಟಿದ್ದು 1902ರಲ್ಲಿ. ಊರಿನ ದೇವಸ್ಥಾನದ ಬ್ರಹ್ಮಕಲಶ, ಶಾಲೆಯ ಕೊಠಡಿ, ಯಕ್ಷಗಾನ ಬಯಲಾಟ ಯಾವುದೇ ಇರಲಿ, ಮುಂಬೈ, ಪುಣೆ, ಹೈದರಾಬಾದಿನಿಂದ ದೇಣಿಗೆ ಹೋಗುತ್ತದೆ. ಅದರ ಜತೆಗೆ ಈ ಕೆಲಸವನ್ನೂ ಸೇರಿಸಿಕೊಳ್ಳೋಣ ಎನ್ನುವುದು ನನ್ನ ಮಾತು. ಇದಕ್ಕೆ ದೊಡ್ಡ ಹಣ ಬೇಕಿಲ್ಲ.

ಮೈಕ್ ಈಗಾಗಲೇ ಇದೆ. ಭಜನಾ ಮಂದಿರ, ದೈವಸ್ಥಾನ, ಮಸೀದಿ, ಇಗರ್ಜಿ ಇಲ್ಲದ ಕಡಲ ಹಳ್ಳಿ ಎಲ್ಲಿದೆ? ಬೇಕಾದದ್ದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಡಲಿನ ಮುನ್ಸೂಚನೆಯನ್ನು ಊರ ಮಾತಿನಲ್ಲಿ ಹೇಳುವ ಪಾಳಿ. ಈ ವಾರ ಯಾರು, ಅವರು ಫೋನ್ ಎತ್ತದಿದ್ದರೆ ಮುಂದೆ ಯಾರು ಎಂಬ ಚೀಟಿ. ಕರೆಂಟ್ ಹೋದರೂ ಮೈಕ್ ಕೂಗುವಂತೆ ಒಂದು ಬ್ಯಾಟರಿ. ನಡೆಯಲಾಗದ ಹಿರಿಯರು, ಬಾಣಂತಿಯರು ಯಾವ ಮನೆಯಲ್ಲಿದ್ದಾರೆ, ಅವರನ್ನು ಎತ್ತಿಕೊಂಡು ಹೋಗುವವರು ಯಾರು ಎಂಬ ಪಟ್ಟಿ. ವರ್ಷಕ್ಕೊಮ್ಮೆ ಓಡುವ ಅಭ್ಯಾಸ. ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವುದಿಲ್ಲ. ಅಭ್ಯಾಸಕ್ಕೆ ಅದು ಒಳ್ಳೆಯ ಕಾಲ.

ಇದು ನಾಲ್ಕು ಉತ್ಸಾಹಿ ಹುಡುಗರ ಕೆಲಸವಾಗಿ ಉಳಿದರೆ ಅವರು ದುಬೈಗೋ ಬೆಂಗಳೂರಿಗೋ ಹೋದ ದಿನ ನಿಂತುಹೋಗುತ್ತದೆ. ಹಾಗಾಗಿ ಪಂಚಾಯಿತಿಯ ಪುಸ್ತಕದಲ್ಲಿ ಸೇರಬೇಕು. ಗ್ರಾಮ ಪಂಚಾಯಿತಿಗಳು ಪ್ರತಿ ವರ್ಷ ‘ನಮ್ಮ ಗ್ರಾಮ ನಮ್ಮ ಯೋಜನೆ’ ತಯಾರಿಸುತ್ತವೆ. ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಬೇಡಿಕೆ ಇಡಬಹುದು. ರಸ್ತೆ, ಚರಂಡಿಯ ಸಾಲಿನಲ್ಲಿ ಬ್ಯಾಟರಿ, ದಾರಿ ಫಲಕ, ವಾರ್ಷಿಕ ಅಣಕು ಕಾರ್ಯಾಚರಣೆ ಎಂದು ಬರೆಸಿದರೆ ಅಧ್ಯಕ್ಷರು ಬದಲಾದರೂ ಪಿಡಿಒ ಬದಲಾದರೂ ಕೇಳುವ ಹಕ್ಕು ಉಳಿಯುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಹಳ್ಳಿಯ ಚೀಟಿಯಲ್ಲಿರುವ ಫೋನ್ ನಂಬರುಗಳು ಅಲ್ಲಿಯೂ ಇರಬೇಕು.

ಇನ್ನೊಂದು ಮಾತು ನಮ್ಮ ನಮ್ಮ ಮೊಬೈಲಿನ ಬಗ್ಗೆ. 2004ರಲ್ಲಿ ಸಿಂಗಪುರದಿಂದ ಬಂದದ್ದು ಒಂದು ಕರೆ. ಇಂದು ಅಂಥ ದಿನ ಬಂದರೆ ಪರವೂರಿನಿಂದ ಸಾವಿರ ವಾಟ್ಸ್ಆ್ಯಪ್ ಫಾರ್ವರ್ಡ್ ಹೋಗುತ್ತವೆ. ಅದರಲ್ಲಿ ಹಳೆಯ ವಿಡಿಯೊ ಎಷ್ಟು, ಸುಳ್ಳು ಎಷ್ಟು! ಎರಡು ಬಾರಿ ಸುಳ್ಳಿಗೆ ಓಡಿದವರು ಮೂರನೆಯ ಬಾರಿ ನಿಜಕ್ಕೂ ಓಡುವುದಿಲ್ಲ. ಹವಾಮಾನ ಇಲಾಖೆ, ಇನ್‌ಕಾಯ್ಸ್ ಪ್ರಕಟಣೆಗಳನ್ನು ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳಲು ನಮಗೆ ಬರುತ್ತದೆ. ಓದಿ, ಖಚಿತಪಡಿಸಿಕೊಂಡು, ಊರಿನ ಆ ವಾರದ ಪಾಳಿಯವರಿಗೆ ಒಂದೇ ಕರೆ ಮಾಡುವುದು ಗುಂಪಿಗೆಲ್ಲ ಫಾರ್ವರ್ಡ್ ಒತ್ತುವುದಕ್ಕಿಂತ ದೊಡ್ಡ ಉಪಕಾರ.

ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ ಒಂದು ಸಂಜೆ ಇದಕ್ಕೆ ಎತ್ತಿಡಿ. ಮೀನುಗಾರರ ಸಂಘದವರು, ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು ಒಟ್ಟಿಗೆ ಕುಳಿತರೆ ಸಾಕು. ಮೊದಲ ಪ್ರಶ್ನೆ ತೀರಾ ಸರಳವಾದದ್ದು: ನಡುರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಬಂದರೆ ಮೈಕ್ ಇರುವ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ? ಉತ್ತರ ತಕ್ಷಣ ಬಂದರೆ ನಿಮ್ಮ ಊರು ಅರ್ಧ ಸಿದ್ಧವಾಗಿದೆ. ಬರದಿದ್ದರೆ, ಕೆಲಸ ಅಲ್ಲಿಂದಲೇ ಶುರುವಾಗಲಿ.