ಜೀವಕೋಶದ ಒತ್ತಡಕ್ಕೆ ಮದ್ದು

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ಸುತ್ತಲಿನ ಮನೆಗಳಲ್ಲಿ ನೂಲು ತೆಗೆಯುವುದನ್ನು ನೋಡುವಾಗಲೆಲ್ಲ ನನಗೆ ನಮ್ಮ ಜೀವಕೋಶಗಳ ನೆನಪಾಗುತ್ತದೆ. ಬಿಸಿನೀರಿನ ತೊಟ್ಟಿಗೆ ಹಿಡಿಸುವಷ್ಟೇ ಗೂಡು ಹಾಕಿದರೆ ಎಳೆ ಸಲೀಸಾಗಿ ಬರುತ್ತದೆ. ಅತಿಯಾಗಿ ಸುರಿದರೆ ಎಲ್ಲವೂ ಸಿಕ್ಕು.

ಕೋಶದೊಳಗೂ ಇಂಥದೊಂದು ಕಾರ್ಖಾನೆಯಿದೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬುದು ಅದರ ಹೆಸರು. ಪ್ರೋಟೀನಿನ ಎಳೆಗಳನ್ನು ಸರಿಯಾದ ಆಕಾರಕ್ಕೆ ಮಡಿಸುವುದು ಅದರ ಕೆಲಸ. ಬೊಜ್ಜು ಬೆಳೆದಂತೆ ಯಕೃತ್ತು ಮತ್ತು ಕೊಬ್ಬಿನ ಕೋಶಗಳಲ್ಲಿ ಈ ಕೆಲಸದ ಹೊರೆ ಮಿತಿಮೀರುತ್ತದೆ. ಆಗ ಕೋಶವು ಅಪಾಯದ ಗಂಟೆ ಬಾರಿಸಿ, ಹೊಸ ತಯಾರಿಕೆಯನ್ನು ತಗ್ಗಿಸಿ, ಮಡಿಸಲು ನೆರವಾಗುವ ಅಣುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆದರೆ ಆ ಗಂಟೆ ನಿಲ್ಲದೆ ಮೊಳಗುತ್ತಿದ್ದರೆ ಅದರ ಸದ್ದಿನಲ್ಲಿ ಇನ್ಸುಲಿನ್ನಿನ ಮಾತು ಕೋಶಕ್ಕೆ ಕೇಳಿಸದಾಗುತ್ತದೆ. ಹಾರ್ವರ್ಡಿನ ಗೋಖಾನ್ ಹೋತಾಮಿಸ್ಲಿಗಿಲ್ ಅವರ ತಂಡ 2004ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿಕೊಟ್ಟಿತು. 2006ರಲ್ಲಿ ಅದೇ ತಂಡ ಫೀನೈಲ್‌ಬ್ಯುಟಿರೇಟ್ ಹಾಗೂ ಪಿತ್ತರಸದ ಆಮ್ಲವಾದ ಟುಡ್ಕಾ ಎಂಬ ಎರಡು ವಸ್ತುಗಳನ್ನು ಕೊಬ್ಬಿದ ಇಲಿಗಳಿಗೆ ಕೊಟ್ಟಾಗ ರಕ್ತದ ಸಕ್ಕರೆ ಹತೋಟಿಗೆ ಬಂತು. 2010ರಲ್ಲಿ ಬೊಜ್ಜಿನ ಕೆಲವೇ ಮಂದಿಗೆ ನಾಲ್ಕು ವಾರ ಟುಡ್ಕಾ ನೀಡಿದಾಗ ಯಕೃತ್ತು, ಸ್ನಾಯುಗಳ ಇನ್ಸುಲಿನ್ ಸ್ಪಂದನ ಶೇಕಡಾ 30ರಷ್ಟು ಸುಧಾರಿಸಿತು.

ಇಷ್ಟಾದರೂ ಮಧುಮೇಹಿಗಳ ಕೈಗೆ ಈ ಮದ್ದು ಬಂದಿಲ್ಲ. ಕಾರಣವಿದೆ. ಈ ಗಂಟೆ ಶತ್ರುವಲ್ಲ, ಕಾವಲುಗಾರ. ಅದರ ಒಂದು ಭಾಗವಾದ 'ಪರ್ಕ್' ಎಂಬ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿರುವ ಶಿಶುಗಳಿಗೆ ಹಾಲು ಕುಡಿಯುವ ವಯಸ್ಸಿನಲ್ಲೇ ಮಧುಮೇಹ ಬರುತ್ತದೆ. ಇನ್ಸುಲಿನ್ ತಯಾರಿಸುವ ಕೋಶಗಳಿಗೆ ಈ ಕಾವಲು ಅಷ್ಟು ಅನಿವಾರ್ಯ. ಮೇಲಿನ ಎರಡೂ ವಸ್ತುಗಳನ್ನು ಬೆರೆಸಿದ ಔಷಧಿಗೆ, ಎಎಲ್‌ಎಸ್ ಎಂಬ ನರರೋಗಕ್ಕಾಗಿ, ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತ್ತು. ದೊಡ್ಡ ಪ್ರಯೋಗದಲ್ಲಿ ಸೋತು 2024ರಲ್ಲಿ ಅದು ಮಾರುಕಟ್ಟೆಯಿಂದ ಹೊರಬಿತ್ತು. ಟುಡ್ಕಾ ಮಾತ್ರೆಯನ್ನು 'ಪೂರಕ ಆಹಾರ'ವೆಂದು ಅಂತರ್ಜಾಲದಲ್ಲಿ ತರಿಸಿಕೊಳ್ಳುವ ನಗರವಾಸಿ ಮಿತ್ರರಿಗೆ ಇದು ತಿಳಿದಿರಲಿ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ರಾಗಿಯ ಸೀಮೆ. ಮುದ್ದೆಯ ಪಕ್ಕಕ್ಕೆ ಬಿಳಿ ಅನ್ನ ಬಂತು, ಹೊಲದ ನಡಿಗೆಯ ಬದಲು ಮೋಟಾರು ಬೈಕು ಬಂತು. ಸಕ್ಕರೆ ಕಾಯಿಲೆ ಪೇಟೆಯವರದು ಎಂಬ ಮಾತನ್ನು ಈಗ ಇಲ್ಲಿ ಯಾರೂ ಆಡುವುದಿಲ್ಲ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜಿಸಿತು.

ಸ್ವಾರಸ್ಯವೆಂದರೆ, ಕೋಶದ ಒತ್ತಡದೊಡನೆ ವ್ಯವಹರಿಸುವ ಮದ್ದೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಆಗಲೇ ಇದೆ. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಮಧುಮೇಹಕ್ಕೆ ಬಳಕೆಗೆ ತಂದ ಮೆಟ್‌ಫಾರ್ಮಿನ್ ಅದು. ಕೋಶದ ವಿದ್ಯುದಾಗಾರವೆನಿಸಿದ ಮೈಟೊಕಾಂಡ್ರಿಯದ ವೇಗವನ್ನು ಅದು ತುಸು ತಗ್ಗಿಸುತ್ತದೆ. ಈ ಸಣ್ಣ ಅಭಾವ ಕಂಡ ಯಕೃತ್ತು ಮಿತವ್ಯಯಕ್ಕಿಳಿದು, ಹೊಸದಾಗಿ ಸಕ್ಕರೆ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಎಂದರೆ ಇದು ಗಂಟೆಯ ಬಾಯಿ ಕಟ್ಟುವ ಮದ್ದಲ್ಲ, ಮೆಲ್ಲಗೆ ಬಾರಿಸುವಂಥದು. ಹೊಸ ಅಣುವಿನ ಶೋಧ ನಡೆಯಲಿ, ನನ್ನ ತಕರಾರಿಲ್ಲ. ಆದರೆ ಹೊಟ್ಟೆ ಕೆಟ್ಟಿತೆಂದು ಮೊದಲ ವಾರದಲ್ಲೇ ಜನ ಬಿಟ್ಟುಬಿಡುವುದು ಇದೇ ಅಗ್ಗದ ಮಾತ್ರೆಯನ್ನು. ವೈದ್ಯರ ಸಲಹೆಯಂತೆ ಕಡಿಮೆ ಪ್ರಮಾಣದಿಂದ ಆರಂಭಿಸಿ ಊಟದೊಡನೆ ತೆಗೆದುಕೊಂಡರೆ ಆ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ ಎಂಬುದನ್ನು ಅವರಿಗೆ ಹೇಳುವವರು ಬೇಕಾಗಿದ್ದಾರೆ.