ನದಿಯಲ್ಲಿ ಕೃತಕ ಮೀನಿನ ಗಾಳ: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಗಾಳಗಾರಿಕೆ ಆಸಕ್ತರಿಗೆ ಮಾಹಿತಿ

ಗಾಳದ ಕೋಲು, ಸ್ಪಿನ್ನಿಂಗ್ ರೀಲು ಹಾಗೂ ಸಣ್ಣ ಮೀನಿನ ಆಕಾರದ ಕೃತಕ ಎರೆಯನ್ನು ಬಳಸಿ ಹವ್ಯಾಸಕ್ಕಾಗಿ ಮೀನು ಹಿಡಿಯುವ ಪದ್ಧತಿಯು ಕುಮಾರಧಾರಾ, ನೇತ್ರಾವತಿ ಮತ್ತು ಪಯಸ್ವಿನಿ ನದಿಗಳ ದಡದಲ್ಲಿಯೂ ಕಂಡುಬರುತ್ತಿದೆ. ಈ ಕುರಿತು ಅನುಮತಿ ಕೋರುವವರು ವಿಧಾನವನ್ನು, ಅದರ ಮಿತಿಗಳನ್ನು ಹಾಗೂ ನಿಷಿದ್ಧ ಸ್ಥಳಗಳನ್ನು ಮುಂಚಿತವಾಗಿ ಅರಿತಿರಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಕೃತಕ ಎರೆ ಎಂದರೇನು?

ಜರ್ಕ್‌ಬೇಟ್ ಎಂದು ಕರೆಯಲ್ಪಡುವ ಈ ಎರೆಯು ಬೆರಳುದ್ದದ ಮೀನಿನಂತೆ ನೀಳವಾಗಿದ್ದು, ಮೂತಿಯಲ್ಲಿ ಒಂದು ಪುಟ್ಟ ನಾಲಿಗೆಯಂತಹ ಹಲಗೆಯನ್ನು ಹೊಂದಿರುತ್ತದೆ. ಕೋಲಿನ ತುದಿಯನ್ನು ಚಿಕ್ಕದಾಗಿ ಜಗ್ಗಿದಾಗ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಿಮ್ಮಿ, ಜಗ್ಗುವುದನ್ನು ನಿಲ್ಲಿಸಿದಾಗ ಗಾಯಗೊಂಡ ಮೀನಿನಂತೆ ನೀರಿನ ನಡುವೆ ಸ್ತಬ್ಧವಾಗಿ ನಿಲ್ಲುತ್ತದೆ. ಬೇಟೆಗಾರ ಮೀನು ಬಹುಪಾಲು ಎರಗುವುದು ಈ ನಿಲುಗಡೆಯ ಕ್ಷಣದಲ್ಲಿಯೇ. ಉತ್ತರ ಅಮೆರಿಕದಲ್ಲಿ ಬಾಸ್ ಎಂಬ ಮೀನಿಗಾಗಿ ಈ ಎರೆಯ ಬಳಕೆ ಹೆಚ್ಚು. ಬಾಸ್ ನಮ್ಮ ನದಿಗಳ ಮೀನಲ್ಲ. ಹೊರಗಿನಿಂದ ತಂದು ಬಿಡುವುದೂ ಸಲ್ಲದು. ಇಲ್ಲಿ ಅದರ ಸ್ಥಾನದಲ್ಲಿರುವವು ತುಳುವಿನಲ್ಲಿ ಪೆರುವೊಲು ಎನ್ನುವ ಮಹಶೀರ್ ಹಾಗೂ ನಿಧಾನ ನೀರಿನಲ್ಲಿ ವಾಸಿಸುವ ಮಡೆಂಜಿ.

ನದಿಗಳು ಮತ್ತು ಮೀನುಗಳು

ಕುಮಾರಧಾರೆಯು ಪುಷ್ಪಗಿರಿ ಶ್ರೇಣಿಯಲ್ಲಿ ಹುಟ್ಟಿ, ಸುಬ್ರಹ್ಮಣ್ಯವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಕೊಡಗಿನ ಬೆಟ್ಟಗಳಿಂದ ಇಳಿಯುವ ಪಯಸ್ವಿನಿಯು ಸುಳ್ಯವನ್ನು ದಾಟಿ ಕಾಸರಗೋಡಿನತ್ತ ಸಾಗುತ್ತದೆ. ಬಂಡೆಗಳ ನಡುವಿನ ರಭಸದ ನೀರು, ಅದರ ಕೆಳಗೆ ಸ್ಥಳೀಯರು ಗಯ ಎನ್ನುವ ಆಳದ ಮಡು, ಮತ್ತೆ ರಭಸ: ಈ ನದಿಗಳ ಮೇಲ್ಭಾಗದ ರಚನೆಯೇ ಹೀಗೆ. ಮಹಶೀರ್ ರಭಸದ ಅಂಚಿನಲ್ಲಿ ಮೇಯುತ್ತದೆ, ಬೇಸಿಗೆಯಲ್ಲಿ ಮಡುವನ್ನು ಆಶ್ರಯಿಸುತ್ತದೆ.

ಪಶ್ಚಿಮಕ್ಕೆ ಹರಿಯುವ ಈ ನದಿಗಳ ಮಹಶೀರ್‌ಗಳನ್ನು ಟಾರ್ ಖುದ್ರಿ, ಟಾರ್ ಮಲಬಾರಿಕಸ್ ಮುಂತಾದ ಹೆಸರುಗಳಿಂದ ವಿಜ್ಞಾನಿಗಳು ಗುರುತಿಸುತ್ತಾರೆ. ದಡದಲ್ಲಿ ನಿಂತು ಇವುಗಳನ್ನು ಪ್ರತ್ಯೇಕಿಸುವುದು ಸುಲಭವಲ್ಲವಾದ್ದರಿಂದ ಎಲ್ಲವನ್ನೂ ಒಂದೇ ಎಚ್ಚರಿಕೆಯಿಂದ ಕಾಣುವುದು ಲೇಸು. ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ (ಟಾರ್ ರೆಮದೇವಿ) ಬೇರೆಯೇ ಆದ ಮೀನು. ಅದನ್ನು 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅತ್ಯಂತ ಗಂಭೀರ ಅಪಾಯದಲ್ಲಿರುವ ಪ್ರಭೇದವೆಂದು ದಾಖಲಿಸಲಾಯಿತು.

ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಆದರೂ ಅದರ ಬಾಯಿಯ ಹಿಡಿತ ಎಷ್ಟು ಬಿಗಿಯೆಂದರೆ ತೆಳು ತಂತಿಯ ಗಾಳಗಳು ನೆಟ್ಟಗಾಗಿ ಬಿಡುತ್ತವೆ. ಮಡೆಂಜಿಯ ವಿಷಯ ಬೇರೆ. ಅದು ತನ್ನ ಕೆಂಬಣ್ಣದ ಮರಿಗಳ ಗುಂಪನ್ನು ಕಾಯುತ್ತಾ ನೀರಿನ ಮೇಲ್ಪದರದಲ್ಲಿಯೇ ಸುಳಿಯುತ್ತದೆ ಮತ್ತು ಹತ್ತಿರ ಬಂದ ಯಾವ ವಸ್ತುವಿನ ಮೇಲಾದರೂ ಎರಗುತ್ತದೆ. ಆ ಸಮಯದಲ್ಲಿ ಅದನ್ನು ಹಿಡಿಯುವುದು ಅತಿ ಸುಲಭ. ಹಿಡಿದರೆ ಮರಿಗಳ ಗುಂಪು ಕಾವಲಿಲ್ಲದೆ ಇತರ ಮೀನುಗಳಿಗೆ ಆಹಾರವಾಗುತ್ತದೆ. ಕೆಂಪು ಮರಿಗಳು ಕಂಡಲ್ಲಿ ಎರೆ ಎಸೆಯಬಾರದು.

ಸಲಕರಣೆ ಮತ್ತು ವಿಧಾನ

ಸ್ಪಿನ್ನಿಂಗ್ ರೀಲು ಕೋಲಿನ ಕೆಳಭಾಗದಲ್ಲಿ ತೂಗುವಂತಹುದು. ಅದರ ಸುರುಳಿ ತಿರುಗದೆ ನೂಲು ಸಡಿಲವಾಗಿ ಹೊರಬೀಳುವುದರಿಂದ ಹಗುರ ಎರೆಯನ್ನೂ ದೂರಕ್ಕೆ ಎಸೆಯಬಹುದು. ಈ ಭಾಗದ ನದಿಗಳಿಗೆ 7ರಿಂದ 8 ಅಡಿಯ ಮಧ್ಯಮ ಬಿಗಿಯ ಕೋಲು, 4000 ಅಳತೆಯ ರೀಲು, 20ರಿಂದ 30 ಪೌಂಡ್ ತಾಳುವ ಹೆಣೆದ ನೂಲು ಸಾಕಾಗುತ್ತದೆ. ಹೆಣೆದ ನೂಲು ಬಂಡೆಗೆ ಉಜ್ಜಿದರೆ ಬೇಗ ತುಂಡಾಗುವುದರಿಂದ ಅದರ ತುದಿಗೆ ಸುಮಾರು 2 ಮೀಟರ್ ದಪ್ಪ ತಂಗೂಸನ್ನು ಜೋಡಿಸತಕ್ಕದ್ದು. ಎರೆಯ ಉದ್ದ 9ರಿಂದ 11 ಸೆಂಟಿಮೀಟರ್ ಇದ್ದರೆ ಒಳಿತು. ರೀಲಿನ ತಡೆಯನ್ನು ನೂಲಿನ ತಾಳಿಕೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಹೊಂದಿಸಿಟ್ಟಲ್ಲಿ ಮೀನಿನ ಮೊದಲ ಓಟದಲ್ಲಿ ನೂಲು ತುಂಡಾಗದು. ಮಹಶೀರ್‌ನ ವಿಷಯದಲ್ಲಿ ಆ ಮೊದಲ ಓಟವೇ ನಿರ್ಣಾಯಕ.

ಎರೆಯನ್ನು ಪ್ರವಾಹಕ್ಕೆ ಅಡ್ಡಲಾಗಿ, ರಭಸವು ಮಡುವಿಗೆ ಇಳಿಯುವ ಅಂಚಿಗೆ ಎಸೆಯಬೇಕು. ಕೋಲಿನ ತುದಿ ನೀರಿನತ್ತ ಬಾಗಿರಲಿ. ಎರಡು ಸಣ್ಣ ಜಗ್ಗು, ಒಂದು ನಿಲುಗಡೆ. ರೀಲಿನಿಂದ ಸಡಿಲಾದ ನೂಲನ್ನು ಮಾತ್ರ ಸುತ್ತಿಕೊಳ್ಳುವುದು. ಜಗ್ಗಿದ ಕೂಡಲೇ ನೂಲು ಮತ್ತೆ ಸಡಿಲಗೊಳ್ಳದಿದ್ದರೆ ಎರೆ ಅತ್ತಿತ್ತ ಚಿಮ್ಮುವುದಿಲ್ಲ, ನೇರವಾಗಿ ಎಳೆದುಕೊಂಡು ಬರುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ. ವಿದೇಶದ ಪುಸ್ತಕಗಳಲ್ಲಿ ಎರೆಯನ್ನು ಹತ್ತು ಸೆಕೆಂಡಿಗೂ ಮೀರಿ ನಿಲ್ಲಿಸಬೇಕೆಂಬ ಸಲಹೆ ಇರುವುದುಂಟು. ಅದು ಕೊರೆಯುವ ಚಳಿಯ ನೀರಿಗೆ ಹೇಳಿದ ಮಾತು. ಇಲ್ಲಿನ ಬೆಚ್ಚನೆಯ ನೀರಿನಲ್ಲಿ ಮೀನು ಚುರುಕಾಗಿರುವುದರಿಂದ ಒಂದೆರಡು ಸೆಕೆಂಡಿನ ನಿಲುಗಡೆ ಸಾಕು. ಮೇಲಾಗಿ ತಣ್ಣೀರಿಗೆಂದು ತೂಕ ಹೊಂದಿಸಿದ ಎರೆ ಬೆಚ್ಚನೆಯ ನೀರಿನಲ್ಲಿ ನಿಲ್ಲದೆ ಮೆಲ್ಲನೆ ಮುಳುಗಿ ಬಂಡೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ.

ಅಂಗಡಿಯಿಂದ ತಂದ ಎರೆಯಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಮುಮ್ಮೊನೆ ಗಾಳಗಳಿರುತ್ತವೆ. ಒಂದು ಮೊನೆ ಬಾಯಿಗೆ ಚುಚ್ಚಿದರೆ ಉಳಿದವು ಕಣ್ಣಿಗೋ ಕಿವಿರಿಗೋ ತಗಲುವ ಸಂಭವ ಹೆಚ್ಚು. ಇವನ್ನು ತೆಗೆದು ಗಟ್ಟಿ ತಂತಿಯ ಒಂಟಿ ಗಾಳವನ್ನು ಹಾಕಿ, ಅದರ ಹಿಮ್ಮುಖ ಮುಳ್ಳನ್ನು ಇಕ್ಕುಳದಿಂದ ಒತ್ತಿ ಮಟ್ಟಸ ಮಾಡತಕ್ಕದ್ದು. ಇದರಿಂದ ಕೆಲವು ಮೀನು ತಪ್ಪಿಸಿಕೊಳ್ಳುವುದು ನಿಜ. ಮೀನನ್ನು ಮರಳಿ ಬಿಡುವವರಿಗೆ ಅದು ನಷ್ಟವಲ್ಲ.

ಈ ಜಿಲ್ಲೆಯ ಹಳೆಯ ದಾಖಲೆ

ಗಾಳಗಾರಿಕೆಯ ಕುರಿತ ಭಾರತದ ಪ್ರಸಿದ್ಧ ಗ್ರಂಥಗಳಲ್ಲೊಂದು ಈ ಜಿಲ್ಲೆಯಲ್ಲಿಯೇ ಅಚ್ಚಾಯಿತೆಂಬುದು ಅನೇಕರಿಗೆ ತಿಳಿದಿಲ್ಲ. ಮದರಾಸು ಸಿವಿಲ್ ಸೇವೆಯ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕಾರ್ಯನಿರ್ವಹಿಸಿದ ಹೆನ್ರಿ ಸಲಿವನ್ ಥಾಮಸ್ ಅವರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮಹಶೀರ್‌ಗೆ ಸತ್ತ ಸಣ್ಣ ಮೀನನ್ನು ಗಾಳಗಳಿಗೆ ಪೋಣಿಸಿ ನೀರಿನಲ್ಲಿ ಸುತ್ತುವಂತೆ ಎಳೆಯುವ ಕ್ರಮವನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಇಂದಿನ ಕೃತಕ ಎರೆಯು ಅದೇ ಕ್ರಮದ ಮುಂದುವರಿದ ರೂಪ. ಅದಕ್ಕೂ ಮೊದಲು, 1870ರಲ್ಲಿ, ಇದೇ ಜಿಲ್ಲೆಯ ಮೀನು ಸಾಕಣೆ ಮತ್ತು ಸಂರಕ್ಷಣೆಯ ಕುರಿತು ಅವರ ವರದಿ ಪ್ರಕಟವಾಗಿತ್ತು. ನದಿಗೆ ವಿಷ ಹಾಕುವುದು, ಮರಿಗಳನ್ನು ಸೋಸಿ ಹಿಡಿಯುವುದು ಆಗಲೇ ಚರ್ಚೆಯ ವಿಷಯಗಳಾಗಿದ್ದವು. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಸ್ಫೋಟಕ ಹಾಗೂ ವಿಷ ಬಳಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು.

ಎಲ್ಲಿ ಹಿಡಿಯಬಾರದು

ಕುಕ್ಕೆ ಸುಬ್ರಹ್ಮಣ್ಯದ ಕುಮಾರಧಾರಾ ಸ್ನಾನಘಟ್ಟ, ಸುಳ್ಯ ತಾಲ್ಲೂಕಿನ ತೊಡಿಕಾನ ಮಲ್ಲಿಕಾರ್ಜುನ ದೇವಾಲಯದ ಮತ್ಸ್ಯತೀರ್ಥ ಮುಂತಾದೆಡೆ ಇರುವ ಮೀನುಗಳನ್ನು ಭಕ್ತರು ದೇವರ ಮೀನುಗಳೆಂದು ಪೋಷಿಸುತ್ತಾರೆ. ಇಂತಹ ಸ್ಥಳಗಳಲ್ಲಿ, ಹಿಡಿದು ಮರಳಿ ಬಿಡುವ ಉದ್ದೇಶವಿದ್ದರೂ, ಗಾಳ ಹಾಕುವಂತಿಲ್ಲ. ಅಕ್ಕಿ, ಅರಳು ತಿಂದು ಮನುಷ್ಯರನ್ನು ನಂಬಿದ ಮೀನು ಎಸೆದ ಯಾವ ವಸ್ತುವಿಗೂ ಬರುತ್ತದೆ. ಅದರಲ್ಲಿ ಗಾಳಗಾರನ ಕೌಶಲವೇನೂ ಇಲ್ಲ. ದೇವರ ಮೀನು ಮಡುವಿನ ಒಳಗಷ್ಟೇ ಇರುವುದಿಲ್ಲ, ಮಳೆಗಾಲದಲ್ಲಿ ಮೇಲಕ್ಕೂ ಕೆಳಕ್ಕೂ ಹೋಗಿಬರುತ್ತದೆ ಎಂಬುದನ್ನು ಗಮನಿಸಿ, ಮಡುವಿನ ಗಡಿಯಲ್ಲಿಯೇ ಹೊಂಚುಹಾಕಿ ನಿಲ್ಲದಿರುವುದು ಸೂಕ್ತ. ನೆರೆಯ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿದ್ದರಿಂದ ಸಾವಿರಾರು ಮಹಶೀರ್‌ಗಳು ಸತ್ತ ಘಟನೆಯನ್ನು ಈ ಭಾಗದ ಜನರು ಇಂದಿಗೂ ಮರೆತಿಲ್ಲ. ದಡದಲ್ಲಿ ಅಪರಿಚಿತರು ಕಂಡಾಗ ಗ್ರಾಮಸ್ಥರು ಪ್ರಶ್ನಿಸುವುದು ಸಹಜ. ಅನುಮತಿಯ ಪತ್ರ ಕೈಯಲ್ಲಿರಲಿ, ಉತ್ತರದಲ್ಲಿ ಸೌಜನ್ಯವಿರಲಿ.

ಮೀಸಲು ಅರಣ್ಯದೊಳಗಿನ ಹೊಳೆಗಳಿಗೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಹಾಗೂ ವನ್ಯಜೀವಿಧಾಮಗಳಿಗೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ಅನ್ವಯಿಸುತ್ತವೆ. ಕಾವೇರಿ ವನ್ಯಜೀವಿಧಾಮದ ಹೆಸರಾಂತ ಗಾಳಗಾರಿಕೆ ಶಿಬಿರಗಳಲ್ಲಿ, ಮೀನನ್ನು ಮರಳಿ ಬಿಡುವ ಪದ್ಧತಿಯಿದ್ದರೂ, 2010ರ ದಶಕದ ಆರಂಭದ ವೇಳೆಗೆ ಗಾಳಗಾರಿಕೆ ನಿಂತುಹೋದದ್ದು ಈ ಕಾನೂನಿನ ಕಾರಣದಿಂದಲೇ. ಅರಣ್ಯದ ಹೊರಗಿನ ನದಿ ಭಾಗಗಳು ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996ರ ವ್ಯಾಪ್ತಿಗೆ ಬರುತ್ತವೆ. ಆಸಕ್ತರು ನದಿಗೆ ತೆರಳುವ ಮುನ್ನ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಅರ್ಜಿಯಲ್ಲಿ ನದಿಯ ಹೆಸರಿನೊಂದಿಗೆ ಗ್ರಾಮ, ದಡದ ಗುರುತು, ದಿನಾಂಕ ಮತ್ತು ಸಲಕರಣೆಯನ್ನು ಸ್ಪಷ್ಟವಾಗಿ ಬರೆದಲ್ಲಿ ಪರಿಶೀಲನೆ ಸುಲಭವಾಗುತ್ತದೆ. "ಕುಮಾರಧಾರಾ ನದಿ" ಎಂದಷ್ಟೇ ಬರೆದರೆ ಆ ಭಾಗ ಅರಣ್ಯದಲ್ಲಿದೆಯೋ ದೇವಾಲಯದ ಬಳಿಯಿದೆಯೋ ತಿಳಿಯುವುದಿಲ್ಲ. ನದಿಗೆ ಇಳಿಯುವ ದಾರಿ ಅಡಿಕೆ ತೋಟದ ಮೂಲಕ ಹಾದುಹೋಗುವುದೇ ಹೆಚ್ಚಾದ್ದರಿಂದ ತೋಟದ ಮಾಲೀಕರ ಒಪ್ಪಿಗೆಯೂ ಅವಶ್ಯ.

ಯಾವ ಕಾಲ, ಎಷ್ಟು ಹೊತ್ತು

ಮಳೆಗಾಲದಲ್ಲಿ ಮಹಶೀರ್ ಮೊಟ್ಟೆಯಿಡಲು ಮೇಲಿನ ಹಳ್ಳಗಳಿಗೆ ಏರುತ್ತದೆ. ಆ ದಿನಗಳಲ್ಲಿ ಗಾಳವನ್ನು ಮನೆಯಲ್ಲಿಯೇ ಇಡುವುದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ನೀರು ತಿಳಿಯಾಗಿ ಹರಿಯುವುದರಿಂದ ಕೃತಕ ಎರೆಗೆ ಅದೇ ಸೂಕ್ತ ಕಾಲ. ಮಾರ್ಚ್ ನಂತರ ನದಿ ಬತ್ತಿ, ತೋಟಗಳಿಗೆ ನೀರೆತ್ತುವುದೂ ಸೇರಿ, ದೊಡ್ಡ ಮೀನುಗಳೆಲ್ಲ ಕೆಲವೇ ಗಯಗಳಲ್ಲಿ ಒಟ್ಟಾಗುತ್ತವೆ. ಆಗ ಹಿಡಿಯುವುದು ಸುಲಭ, ಮತ್ತು ಸುಲಭವಾದ್ದರಿಂದಲೇ ಹಿಡಿಯಬಾರದು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ದಣಿದ ಮೀನು ಈಜಿಹೋದಂತೆ ಕಂಡರೂ ಬಳಿಕ ಸಾಯಬಹುದು. ಬಲೆಗೆ ಚಿಕ್ಕವೂ ದೊಡ್ಡವೂ ಬೀಳುತ್ತವೆ; ಉದ್ದನೆಯ ಎರೆ ಆರಿಸಿ ಹಿಡಿಯುವುದು ದೊಡ್ಡ ಮೀನನ್ನು, ಅಂದರೆ ಮುಂದಿನ ಮಳೆಗಾಲಕ್ಕೆ ಮೊಟ್ಟೆಯಿಡಬೇಕಾದ ತಾಯಿಮೀನನ್ನು. ಒಂದು ಗಯದಿಂದ ಅಂತಹ ನಾಲ್ಕಾರು ಮೀನು ಹೋದರೆ ಆ ಹೊಳೆಯ ಸಂತತಿಗೆ ಪೆಟ್ಟು ಬೀಳುತ್ತದೆ.

ಹಿಡಿದ ಮೀನನ್ನು ದಡದ ಕಲ್ಲಿನ ಮೇಲೆ ಎಳೆಯದೆ, ಒದ್ದೆ ಕೈಯಿಂದ ನೀರಿನಲ್ಲಿಯೇ ಹಿಡಿದು ಗಾಳ ಬಿಡಿಸಬೇಕು. ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೊರಡುವವರೆಗೆ ಕಾಯಬೇಕು. ಛಾಯಾಚಿತ್ರಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನೀರಿನಿಂದ ಎತ್ತಕೂಡದು. ತುಂಡಾದ ತಂಗೂಸನ್ನು ನದಿಯಲ್ಲಿ ಬಿಟ್ಟರೆ ನೀರುನಾಯಿ ಹಾಗೂ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಎಲ್ಲವನ್ನೂ ಮರಳಿ ಒಯ್ಯತಕ್ಕದ್ದು.

ಸುರಕ್ಷತೆ

ಘಟ್ಟದ ಮೇಲೆ ಮಳೆ ಸುರಿದಾಗ, ಇಲ್ಲಿ ಬಿಸಿಲಿದ್ದರೂ, ಕುಮಾರಧಾರೆಯ ನೀರು ಹಠಾತ್ತನೆ ಏರುವುದುಂಟು. ತಿಳಿನೀರು ಕದಡುವುದು, ಎಲೆ-ಕಡ್ಡಿ ತೇಲಿಬರುವುದು ಅದರ ಮುನ್ಸೂಚನೆ. ಆಗ ನದಿಯ ನಡುಬಂಡೆಯಿಂದ ತಕ್ಷಣ ದಡಕ್ಕೆ ಬರತಕ್ಕದ್ದು. ಕಿಂಡಿ ಅಣೆಕಟ್ಟಿನ ಹಲಗೆಗಳ ಬಳಿ ನೀರಿಗೆ ಇಳಿಯಬಾರದು. ಒಬ್ಬರೇ ಹೋಗದಿರುವುದು ಕ್ಷೇಮ.

ವಿಷ ಪ್ರಯೋಗ ಕಂಡಲ್ಲಿ

ತೋಟೆ ಸಿಡಿಸುವುದು, ಮೈಲುತುತ್ತು ಅಥವಾ ಕಾಕಮಾರಿ ಕಾಯಿಯನ್ನು ನೀರಿಗೆ ಬೆರೆಸುವುದು ಮುಂತಾದವು ಗಮನಕ್ಕೆ ಬಂದಲ್ಲಿ, ಇಲ್ಲವೇ ಮೀನುಗಳು ಗುಂಪಾಗಿ ಮೇಲಕ್ಕೆ ಬಂದು ಬಾಯ್ದೆರೆಯುತ್ತಿದ್ದಲ್ಲಿ, ಸ್ಥಳ ಮತ್ತು ವೇಳೆಯನ್ನು ಗುರುತಿಸಿಕೊಂಡು ತುರ್ತು ಸಂಖ್ಯೆ 112ಕ್ಕೆ, ಗ್ರಾಮ ಪಂಚಾಯತಿಗೆ ಹಾಗೂ ಮೀನುಗಾರಿಕೆ ಕಚೇರಿಗೆ ತಿಳಿಸತಕ್ಕದ್ದು. ಸತ್ತ ಮೀನನ್ನು ಆಯ್ದು ತಿನ್ನಬಾರದು, ಮಾರಬಾರದು. ಕೆಳಗಿನ ಊರುಗಳವರು ಆ ನೀರನ್ನು ಜಾನುವಾರುಗಳಿಗೆ ಕುಡಿಸದಂತೆ ಹಾಗೂ ಮನೆಬಳಕೆಗೆ ಎತ್ತದಂತೆ ಕೂಡಲೇ ಎಚ್ಚರಿಸುವುದು.