ಡಾಕ್ಟರ ಚೀಟಿಯಲ್ಲಿ ಲ್ಯಾಟಿನ್ ತುಣುಕುಗಳು

ಪರೇಲಿನ ಕೆ.ಇ.ಎಂ. ಆಸ್ಪತ್ರೆ ಯಾರಿಗೆ ಗೊತ್ತಿಲ್ಲ? 1926ರಲ್ಲಿ ಆರಂಭವಾದ ಈ ಆಸ್ಪತ್ರೆ ಮತ್ತು ಅದರ ಜಿ.ಎಸ್. ಮೆಡಿಕಲ್ ಕಾಲೇಜಿನ ಧ್ಯೇಯವಾಕ್ಯ ‘ನಾನ್ ಸಿಬಿ ಸೆಡ್ ಆಮ್ನಿಬಸ್’. ತನಗಾಗಿ ಅಲ್ಲ, ಎಲ್ಲರಿಗಾಗಿ ಎಂದರ್ಥ. ಭಾಷೆ ಲ್ಯಾಟಿನ್. (ನಾವು ದಿನಾ ಕಾಯುವ ಬೆಸ್ಟ್ ಬಸ್ಸು ಕೂಡ ಈ ‘ಆಮ್ನಿಬಸ್’ನ ಬಾಲವೇ!)

ಇದೇ ಭಾಷೆಯ ತುಣುಕುಗಳು ಡಾಕ್ಟರ ಚೀಟಿಯಲ್ಲೂ ಇವೆ. ಬಿ.ಡಿ. ಎಂದರೆ ‘ಬಿಸ್ ಇನ್ ದಿಯೆ’, ದಿನಕ್ಕೆರಡು ಸಲ. ಟಿ.ಡಿ.ಎಸ್. ಎಂದರೆ ಮೂರು ಸಲ. ಎಚ್.ಎಸ್. ಎಂದರೆ ‘ಹೋರಾ ಸೋಮ್ನಿ’, ಮಲಗುವ ಹೊತ್ತಿಗೆ. ಇವೆಲ್ಲ ಪೂರಾ ಪರಕೀಯವೇನಲ್ಲ. ನಮ್ಮ ದ್ವಿ, ತ್ರಿ, ದಿವಸ, ಸ್ವಪ್ನ ಎಂಬ ಸಂಸ್ಕೃತ ಪದಗಳಿಗೆ ಇವು ದೂರದ ದಾಯಾದಿಗಳು.

ತೊಂದರೆ ಕೊಡುವುದು ಎಸ್.ಓ.ಎಸ್. ಮುಳುಗುವ ಹಡಗಿನ ಕರೆ ಎಂದುಕೊಂಡು ಆ ಮಾತ್ರೆಯನ್ನೇ ಮೊದಲು ನುಂಗುವವರಿದ್ದಾರೆ. ಅದು ‘ಸಿ ಓಪುಸ್ ಸಿತ್’, ಅಂದರೆ ಬೇಕೆನಿಸಿದರೆ ಮಾತ್ರ. ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂದು ಡಾಕ್ಟರನ್ನೇ ಕೇಳಿಕೊಳ್ಳಿ. ಇನ್ನು ಓ.ಡಿ. ನಮ್ಮಲ್ಲಿ ಮಾತ್ರೆಯ ಮುಂದೆ ಓ.ಡಿ. ಇದ್ದರೆ ದಿನಕ್ಕೊಮ್ಮೆ. ಕಣ್ಣಿನ ಚೀಟಿಯಲ್ಲಾದರೆ ‘ಓಕುಲುಸ್ ದೆಕ್ಸ್‌ತೆರ್’, ಬಲಗಣ್ಣು! ದೆಕ್ಸ್‌ತೆರ್ ನಮ್ಮ ‘ದಕ್ಷಿಣ’ದ ನೆಂಟ. ಎಡಗಣ್ಣಿಗೆ ಓ.ಎಸ್. ಕಣ್ಣಿಗೆ ಹಾಕುವ ಡ್ರಾಪ್ಸ್ ಮೇಲೆ ಓ.ಡಿ. ಕಂಡರೆ ಎಷ್ಟು ಸಲ, ಯಾವ ಕಣ್ಣಿಗೆ ಎಂದು ಎರಡನ್ನೂ ಕೇಳಿ, ಸಂಕೋಚ ಬೇಡ.

‘ಆಂಟೆ’ ಎಂದರೆ ಮುಂಚೆ, ‘ಪೋಸ್ಟ್’ ಎಂದರೆ ಆಮೇಲೆ. ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟವಾದ ಮೇಲೆ. ಸಕ್ಕರೆ ಕಾಯಿಲೆಯವರ ಪಿ.ಪಿ. ಪರೀಕ್ಷೆ ‘ಪೋಸ್ಟ್ ಪ್ರಾಂಡಿಯಲ್’. ಪ್ರಾಂಡಿಯಮ್ ಎಂದರೆ ಊಟ. ಮುನ್ಸಿಪಾಲಿಟಿ ಆಸ್ಪತ್ರೆಯ ಆಂಟೆನೇಟಲ್ ವಿಭಾಗ ಹೆರಿಗೆಗೆ ಮುಂಚಿನ ತಪಾಸಣೆಗೆ. ನಮ್ಮ ಬಾಯಲ್ಲಿ ಅದೂ ‘ಆಂಟಿ’ ಆಗಿಬಿಡುತ್ತದೆ. ಆದರೆ ಆಂಟಿಬಯಾಟಿಕ್‌ನ ‘ಆಂಟಿ’ ಗ್ರೀಕಿನದು, ವಿರುದ್ಧ ಎಂದರ್ಥ.

ಒಂದೇ ಅಂಗಕ್ಕೆ ಎರಡೂ ಭಾಷೆಯ ಹೆಸರಿರುವುದೂ ಉಂಟು. ರಿಪೋರ್ಟಿನಲ್ಲಿ ‘ರೀನಲ್’ ಎಂದಿರುತ್ತದೆ, ಬಾಗಿಲ ಮೇಲೆ ‘ನೆಫ್ರಾಲಜಿ’ ಎಂದಿರುತ್ತದೆ. ಮೊದಲನೆಯದು ಲ್ಯಾಟಿನ್, ಎರಡನೆಯದು ಗ್ರೀಕ್. ಎರಡೂ ಮೂತ್ರಪಿಂಡವೇ. ಆ ಬಾಗಿಲಲ್ಲೇ ವಿಚಾರಿಸಿ.